ವಾಪಸ್ ಕೊಟ್ಟ ಬಂದೂಕು

ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಬಾಯ್ಲರ್ ಆಪರೇಟರ್ ಕೂಡ. ಇಪ್ಪತ್ತೊಂದು ವರ್ಷದಿಂದ ಅವಳ ಕೆಲಸ ಒಂದೇ. ಬಿಸಿ ರೋಲರಿನಿಂದ ಹೊರಬರುವ ಬೆಡ್‌ಶೀಟುಗಳನ್ನು ಮಡಚಿ, ವಾರ್ಡಿಗೆ ಇಷ್ಟು ಅಂತ ಕಟ್ಟು ಕಟ್ಟುವುದು. ನಿಜವಾಗಿ ಅವಳು ಅಕ್ಕನಾಗಿದ್ದದ್ದು ಒಬ್ಬಳಿಗೆ ಮಾತ್ರ. ಹದಿನಾಲ್ಕು ವರ್ಷ ಚಿಕ್ಕವಳಾದ ಆ ತಂಗಿಯನ್ನು ಅಮ್ಮ ತೀರಿಕೊಂಡ ಮೇಲೆ ಅವಳೇ ಬೆಳೆಸಿದ್ದಳು, ಓದಿಸಿದ್ದಳು, ಮದುವೆ ಮಾಡಿದ್ದಳು. ಈ ನಡುವೆ ತನ್ನ ಮದುವೆಯ ಮಾತು ಯಾವಾಗ ನಿಂತುಹೋಯಿತು ಅನ್ನುವುದು ಅವಳಿಗೂ ನೆನಪಿರಲಿಲ್ಲ.

ತಂಗಿಯ ಗಂಡ ಬ್ಯಾಂಕೊಂದರ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವ ಕಾವಲುಗಾರ. ಓಣಿಯಲ್ಲಿ ಅವನಿಗೆ ಗನ್‌ಮ್ಯಾನ್ ಎಂದೇ ಹೆಸರು. ಜೋಡುನಳಿಗೆಯ ಆ ಬಂದೂಕು ಅವನದೇ, ಲೈಸೆನ್ಸೂ ಅವನ ಹೆಸರಿನದೇ. ಕುಡಿದು ಕೆಲಸಕ್ಕೆ ಬಂದನೆಂದು ಬ್ಯಾಂಕಿನವರು ಮನೆಗೆ ಕಳಿಸಿದರು. ಕೆಲಸ ಹೋಯಿತು, ಬಂದೂಕು ಉಳಿಯಿತು. ಕೆಲಸಕ್ಕೆಂದು ಕೊಟ್ಟ ಲೈಸೆನ್ಸು, ಕೆಲಸ ಹೋದ ಮೇಲೆ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು ಅನ್ನುವುದು ನಿಯಮ. ಒಪ್ಪಿಸು ಅಂತ ಅವನನ್ನು ಯಾರೂ ಕೇಳಲಿಲ್ಲ.

ಒಂದು ಭಾನುವಾರ ತಂಗಿ ಮಗಳ ತಲೆ ಬಾಚುತ್ತಿದ್ದಾಗ ಅವನು ಹಿಂದಿನಿಂದ ಬಂದು ಬಂದೂಕಿನ ಬಾಯನ್ನು ಹೆಂಡತಿಯ ಕತ್ತಿಗೆ ಒತ್ತಿ ಕುದುರೆ ಎಳೆದ. ಟಕ್ ಅಂತ ಸದ್ದಾಯಿತು. ಒಳಗೆ ತೋಟಾ ಇರಲಿಲ್ಲ. ತಮಾಷೆಗೆ ಅಂತ ನಕ್ಕ. ತಂಗಿ ಇದನ್ನು ಅಕ್ಕನಿಗೆ ಹೇಳಿದ್ದು ಮೂರು ದಿನ ಕಳೆದ ಮೇಲೆ, ಅದೂ ಬೇರೆ ಯಾರದೋ ಮನೆಯ ವಿಷಯವೆಂಬಂತೆ. ಮಗಳನ್ನು ಕರೆದುಕೊಂಡು ನನ್ನ ಹತ್ತಿರ ಬಂದುಬಿಡು ಅಂದಳು ಅಕ್ಕ. ಹಾಗೆ ಹೋಗುತ್ತೇನೆ ಅಂತ ತಂಗಿ ಆಗಲೇ ಗಂಡನಿಗೆ ಹೇಳಿ ನೋಡಿದ್ದಳಂತೆ. ಎಲ್ಲಿಗೆ ಬೇಕಾದರೂ ಹೋಗು, ನನ್ನ ಲೈಸೆನ್ಸು ರಾಜ್ಯಕ್ಕೆಲ್ಲ ನಡೆಯುತ್ತೆ ಅಂದಿದ್ದನಂತೆ.

ಅಕ್ಕ ಮಾರನೆಯ ದಿನವೇ ಅರ್ಧ ದಿನ ರಜೆ ಹಾಕಿ ಪೊಲೀಸ್ ಠಾಣೆಗೆ ಹೋದಳು. ಬರವಣಿಗೆ ಕೆಲಸದ ಪೇದೆಗೆ ಅಲ್ಲಿ ರೈಟರ್ ಅನ್ನುತ್ತಿದ್ದರು. ಕೆಟ್ಟ ಮನುಷ್ಯನಲ್ಲ. ಅವಳಿಗೆ ಬೆಂಚು ತೋರಿಸಿದ, ಪೂರ್ತಿ ಕೇಳಿದ. ಆಮೇಲೆ ಕೇಳಿದ:

"ಗುಂಡು ಹಾರಿದ್ಯಾ?"

"ಇಲ್ಲ."

"ಮತ್ತೆ ನಾನೇನಂತ ಬರ್ಕೊಳ್ಲಿ ಹೇಳಿ? ಲೈಸೆನ್ಸ್ ರದ್ದು ಮಾಡೋದು ನಮ್ಮ ಕೈಲಿಲ್ಲ. ದೊಡ್ಡ ಆಫೀಸಲ್ಲಿ ಲೈಸೆನ್ಸ್ ಶಾಖೆ ಇದೆ, ಅಲ್ಲಿ ಹೋಗಿ."

ಲೈಸೆನ್ಸ್ ಶಾಖೆ ಮೂರನೇ ಮಹಡಿಯಲ್ಲಿತ್ತು. ಅಲ್ಲಿನ ಗುಮಾಸ್ತ ಅರ್ಜಿ ತೆಗೆದುಕೊಂಡು, ಠಾಣೆಯಿಂದ ವರದಿ ಬರದೆ ನಾವು ಏನೂ ಮಾಡುವ ಹಾಗಿಲ್ಲ ಅಂದ. ಠಾಣೆಗೆ ಹೋದರೆ, ಶಾಖೆಯವರು ಕೇಳದೆ ನಾವಾಗಿ ವರದಿ ಕಳಿಸುವ ಹಾಗಿಲ್ಲ ಅಂದರು. ಎರಡು ತಿಂಗಳಲ್ಲಿ ಅವಳು ಏಳು ಸಲ ಹೀಗೆ ಅಲೆದಳು, ಮೂರು ಅರ್ಜಿ ಕೊಟ್ಟಳು. ಎರಡನೆಯದರ ಪ್ರತಿಗೆ ಮಾತ್ರ, ಗುಮಾಸ್ತ ಊಟಕ್ಕೆ ಹೋಗಿದ್ದಾಗ ಕೂತಿದ್ದ ಹೊಸ ಹುಡುಗಿ ಸೀಲು ಹಾಕಿಕೊಟ್ಟಳು. ಲಾಂಡ್ರಿಯ ಮೇಸ್ತ್ರಿ, ಮೆಟ್ಟಿಲು ಹತ್ತಿ ಹತ್ತಿ ನಿನಗೇ ಆಫೀಸರ್ ಕೆಲಸ ಸಿಕ್ಕೀತು ಅಂತ ತಮಾಷೆ ಮಾಡಿದ. ಆ ತಿಂಗಳು ಅವಳು ಅವನ ಜೊತೆ ಮಾತಾಡಲಿಲ್ಲ.

ಏಳನೆಯ ಸಲ ಹೋದಾಗ ಗುಮಾಸ್ತ ಫೈಲು ತೆಗೆದು ಅವಳ ಕಡೆ ತಿರುಗಿಸಿದ. ಲೈಸೆನ್ಸು ಹದಿನೈದು ದಿನದ ಹಿಂದೆಯೇ ನವೀಕರಣವಾಗಿತ್ತು. ಠಾಣೆಯ ವರದಿಯೂ ಬಂದಿತ್ತು: ಉದ್ಯೋಗ ಬ್ಯಾಂಕ್ ಕಾವಲುಗಾರ, ನಡತೆ ಉತ್ತಮ, ಆಕ್ಷೇಪಣೆ ಇಲ್ಲ. ನನ್ನ ಅರ್ಜಿಗಳೆಲ್ಲಿ ಅಂತ ಅಕ್ಕ ಕೇಳಿದಳು. ಈ ಫೈಲಿನಲ್ಲಿ ಇಲ್ಲಮ್ಮ ಅಂದ ಗುಮಾಸ್ತ. ಅವಳು ಮೆಟ್ಟಿಲಿಳಿದು ಬಂದು ಎರಡು ಬಸ್ಸುಗಳನ್ನು ನೋಡುತ್ತಲೇ ಬಿಟ್ಟಳು. ಹತ್ತಬೇಕು ಅನ್ನುವುದೇ ತೋಚಲಿಲ್ಲ.

ಆ ವಾರ ತಂಗಿಯ ಮಗಳು ದೊಡ್ಡಮ್ಮನ ತೊಡೆಯ ಮೇಲೆ ಕೂತು, ಅಪ್ಪ ಕೆಂಪು ಕೆಂಪು ಡಬ್ಬಿ ತಂದಿದಾನೆ, ಬುಡದಲ್ಲಿ ಬಂಗಾರದ ಬಣ್ಣ, ಮುಟ್ಟಬಾರದಂತೆ ಅಂದಳು. ಎಷ್ಟಿವೆ ಅಂತ ಅಕ್ಕ ಕೇಳಿದಳು. ಮಗುವಿಗೆ ಆರು ವರ್ಷ. ಹತ್ತರವರೆಗೆ ಎಣಿಸಿ ಆಮೇಲೆ ಬಿಟ್ಟೆ ಅಂದಳು. ಅವು ತೋಟಾಗಳೆಂದು ಅಕ್ಕನಿಗೆ ತಿಳಿಯಿತು.

ಮಂಗಳವಾರ ಬೆಳಿಗ್ಗೆ ಅವಳು ತಂಗಿಯ ಕೆಲಸದ ಜಾಗಕ್ಕೆ ಹೋಗಿ ಮನೆಯ ಬೀಗದ ಕೈ ಕೇಳಿದಳು. ತಂಗಿ ಯಾಕೆ ಅಂತ ಕೇಳದೆ ಕೊಟ್ಟಳು. ಗನ್‌ಮ್ಯಾನ್ ಕ್ಷೌರಕ್ಕೆ ಹೋಗಿದ್ದ, ಮಗು ಶಾಲೆಯಲ್ಲಿತ್ತು. ಅಕ್ಕ ಬೀರುವಿನ ಮೇಲಿದ್ದ ಬಂದೂಕನ್ನು ಇಳಿಸಿ, ಲಾಂಡ್ರಿಯಿಂದ ತಂದಿದ್ದ ಹಳೆಯ ಬೆಡ್‌ಶೀಟಿನಲ್ಲಿ ಚಾಪೆಯ ಹಾಗೆ ಸುತ್ತಿ, ತೋಟಾಗಳನ್ನು ಊಟದ ಡಬ್ಬಿಗೆ ಹಾಕಿಕೊಂಡು ಬಸ್ಸು ಹತ್ತಿದಳು. ಕಂಡಕ್ಟರ್ ಅದಕ್ಕೂ ಟಿಕೆಟ್ ಕೊಟ್ಟ.

ಠಾಣೆಯಲ್ಲಿ ರೈಟರ್‌ನ ಮೇಜಿನ ಮೇಲೆ ಅದನ್ನು ಬಿಚ್ಚಿಟ್ಟಳು.

"ತಗೊಳ್ಳಿ. ನೀವು ಅಲ್ಲಿಗೆ ಹೋಗು ಅಂದ್ರಿ, ಅವರು ಇಲ್ಲಿಗೆ ಹೋಗು ಅಂದ್ರು. ಈಗ ಬಂದೂಕೇ ನಿಮ್ಮ ಹತ್ರ ಬಂದಿದೆ, ಇಟ್ಕೊಳ್ಳಿ."

ರೈಟರ್ ಕುರ್ಚಿ ಬಿಟ್ಟೆದ್ದ. ಒಳಗಿನಿಂದ ಇನ್‌ಸ್ಪೆಕ್ಟರ್ ಬಂದ, ಮೊದಲು ಬಂದೂಕು ನೋಡಿದ, ಆಮೇಲೆ ಅವಳನ್ನು. ಲೈಸೆನ್ಸ್ ಇದೆಯಾ ಅಂತ ಕೇಳಿದ. ಫೋನು ಹೋಯಿತು. ಒಂದು ಗಂಟೆಯೊಳಗೆ ಗನ್‌ಮ್ಯಾನ್ ನುಣ್ಣಗೆ ಕ್ಷೌರ ಮಾಡಿಸಿಕೊಂಡ ಮುಖದಲ್ಲಿ ಬಂದು, ಮನೆಯಲ್ಲಿ ಕಳ್ಳತನವಾಗಿದೆ ಅಂತ ದೂರು ಬರೆದುಕೊಟ್ಟ. ಅಷ್ಟು ದಿನ ಅಕ್ಕನಿಗೆ ಸಿಗದ ಕಾಗದ, ಪೆನ್ನು, ಸೀಲು, ಸಹಿ ಎಲ್ಲ ಅವತ್ತು ಅರ್ಧ ಗಂಟೆಯಲ್ಲಿ ಸಿಕ್ಕವು. ಅವಳ ಮೇಲೆ ಮೂರು ಆರೋಪ: ಕಳ್ಳತನ, ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಂಡದ್ದು, ಆಸ್ಪತ್ರೆಯ ಬೆಡ್‌ಶೀಟು ಕದ್ದದ್ದು. ಸಂಜೆಯ ಹೊತ್ತಿಗೆ ಅವಳು ಜೈಲಿನಲ್ಲಿದ್ದಳು.

ಮಹಿಳೆಯರ ಬ್ಯಾರಕ್ಕಿನಲ್ಲಿ ನಲವತ್ತು ಜನರಿಗೆ ಎರಡು ನಲ್ಲಿ. ಅಕ್ಕನಿಗೆ ಕೈಗೆ ಕೆಲಸವಿಲ್ಲದೆ ಕೂರುವುದು ಗೊತ್ತಿರಲಿಲ್ಲ. ಎಲ್ಲರ ಕಂಬಳಿಗಳನ್ನು ಮಡಚಿಡುತ್ತಿದ್ದಳು. ಮಲಗಿದರೆ ಒಂದೇ ಸಮಾಧಾನ: ಬಂದೂಕು ಠಾಣೆಯಲ್ಲಿದೆ, ಬೀಗದೊಳಗಿದೆ. ನಾನು ಒಳಗಿದ್ದರೇನಾಯಿತು, ಅದೂ ಒಳಗಿದೆಯಲ್ಲ ಅಂದುಕೊಳ್ಳುತ್ತಿದ್ದಳು.

ಹದಿನೈದನೆಯ ದಿನ ಜೈಲಿನ ಮೇಡಂ ಅವಳನ್ನು ಆಫೀಸಿಗೆ ಕರೆಸಿ, ಕೂತ್ಕೋಮ್ಮ ಅಂದರು. ಆ ಕೋಣೆಯಲ್ಲಿ ಕೈದಿಗಳನ್ನು ಯಾರೂ ಕೂರಿಸಿದ್ದಿಲ್ಲ. ಅಕ್ಕ ನಿಂತೇ ಕೇಳಿದಳು, ಇದಾಳಾ ಇಲ್ವಾ ಹೇಳಿಬಿಡಿ ಅಂತ.

ಇದ್ದಳು. ಬಂದೂಕು ತೋಟಾಗಳ ಸಮೇತ ಮೂರು ದಿನದ ಹಿಂದೆಯೇ ಮನೆಗೆ ವಾಪಸ್ ಬಂದಿತ್ತು. ಅಂದು ಬೆಳಿಗ್ಗೆ ಮಗು ಶಾಲೆಗೆ ಹೋದ ಮೇಲೆ ಬೀಗದ ಕೈ ಕೊಟ್ಟಿದ್ದು ನೀನೇ ತಾನೆ ಅಂತ ಜಗಳ ತೆಗೆದು ಗನ್‌ಮ್ಯಾನ್ ಗುಂಡು ಹಾರಿಸಿದ್ದ. ತಂಗಿ ಬಲಗೈ ಅಡ್ಡ ಹಿಡಿದಿದ್ದಳು. ಕೈಯನ್ನು ಮೊಣಕೈಯಿಂದ ಕೆಳಗೆ ತೆಗೆಯಬೇಕಾಯಿತು. ಪಕ್ಕದ ಮನೆಯ ಟೀಚರಮ್ಮ ಹೋಗಿ ಮಗುವನ್ನು ಶಾಲೆಯಿಂದಲೇ ತಮ್ಮ ಮನೆಗೆ ಕರೆದುಕೊಂಡು ಹೋಗಿದ್ದರು.

ಅಕ್ಕ ಅಳಲಿಲ್ಲ. ಅದು ಠಾಣೇಲಿತ್ತಲ್ಲ, ಠಾಣೇಲಿತ್ತಲ್ಲ ಅಂತ ಅದನ್ನೇ ಹೇಳುತ್ತಾ ನಿಂತಳು. ಜಾಮೀನು ಸಿಗಲು ಇನ್ನೂ ಏಳು ದಿನ ಹಿಡಿಯಿತು. ಆ ಏಳು ದಿನ ಗನ್‌ಮ್ಯಾನ್ ಅದೇ ಜೈಲಿನ ಗಂಡಸರ ಭಾಗದಲ್ಲಿದ್ದ. ನಡುವೆ ಒಂದು ಗೋಡೆ. ಊಟದ ಗಂಟೆ ಇಬ್ಬರಿಗೂ ಒಂದೇ.

ಪತ್ರಿಕೆಗಳಲ್ಲಿ ಸುದ್ದಿ ಬಂದ ಮೇಲೆ ಇಲಾಖೆ ವಿಚಾರಣೆ ಮಾಡಿತು. ಮೊದಲು ಅರ್ಜಿಯೇ ಬಂದಿಲ್ಲ ಅಂದರು. ಅಕ್ಕ ಸೀಲು ಬಿದ್ದ ಪ್ರತಿ ತೋರಿಸಿದ ಮೇಲೆ, ಬಂದಿರಬಹುದು ಅಂದರು. ಕೊನೆಗೆ ಹೊರಬಿದ್ದ ವರದಿ ನಾಲ್ಕು ಪುಟದ್ದು. ಸಂಬಂಧಪಟ್ಟ ಅಧಿಕಾರಿಯಿಂದ ಕಾರ್ಯವಿಧಾನದ ಲೋಪವಾಗಿದೆ, ಎಚ್ಚರಿಕೆ ನೀಡಲಾಗಿದೆ ಅಂತ ಅದರಲ್ಲಿತ್ತು. ಆ ಅಧಿಕಾರಿ ಯಾರು ಅನ್ನುವುದು ನಾಲ್ಕು ಪುಟದಲ್ಲಿ ಎಲ್ಲೂ ಇರಲಿಲ್ಲ. ಠಾಣೆಯಲ್ಲಿದ್ದವರೆಲ್ಲ ಬೇರೆ ಬೇರೆ ಕಡೆ ವರ್ಗವಾಗಿದ್ದರು. ಬಂದೂಕು ವಾಪಸ್ ಕೊಟ್ಟ ಕಾಗದಪತ್ರ ಸಿಗುತ್ತಿಲ್ಲ ಅಂತ ಠಾಣೆ ಹೇಳಿತು.

ಅಕ್ಕನ ಮೇಲಿನ ಕೇಸು ಮಾತ್ರ ಎಲ್ಲೂ ಕಳೆದುಹೋಗಲಿಲ್ಲ. ಲಾಂಡ್ರಿಯಿಂದ ಅಮಾನತಾಗಿದ್ದಳು. ಉಚಿತ ಕಾನೂನು ನೆರವಿನ ಕಡೆಯಿಂದ ಬಂದ ವಕೀಲಮ್ಮ ಚಿಕ್ಕ ವಯಸ್ಸಿನವಳು, ಕಾಳಜಿಯವಳು. ತಪ್ಪು ಒಪ್ಪಿಕೊಂಡರೆ ಸಣ್ಣ ದಂಡ ಹಾಕಿ ಅವತ್ತೇ ಬಿಟ್ಟುಬಿಡುತ್ತಾರೆ, ಕೆಲಸವೂ ವಾಪಸ್ ಸಿಗಬಹುದು, ಇಲ್ಲದಿದ್ದರೆ ವರ್ಷಗಟ್ಟಲೆ ಅಲೆಯಬೇಕು ಅಂತ ಬಿಡಿಸಿ ಹೇಳಿದಳು. ಆಸ್ಪತ್ರೆಯಿಂದ ಬಂದು ಅಕ್ಕನ ಮನೆಯಲ್ಲೇ ಇದ್ದ ತಂಗಿಯೂ ಅದನ್ನೇ ಹೇಳುತ್ತಿದ್ದಳು, ದಿನಾ, ಅಂಗಲಾಚಿ. ಒಪ್ಕೊಂಡ್ಬಿಡು, ಮುಗಿದುಹೋಗಲಿ. ಅಕ್ಕ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

ಕೋರ್ಟಿನಲ್ಲಿ ಜಡ್ಜ್, ತಪ್ಪು ಒಪ್ಪಿಕೊಳ್ಳುತ್ತೀರಾ ಅಂತ ಕೇಳಿದರು.

"ತಗೊಂಡು ಹೋಗಿದ್ದು ನಾನೇ, ಸ್ವಾಮಿ. ತಪ್ಪು ಅಂತ ಒಪ್ಪಲ್ಲ. ಒಪ್ಪಿದ್ರೆ ಇದು ಇಲ್ಲಿಗೇ ಮುಗೀತದೆ. ವಾಪಸ್ ಕೊಟ್ಟವರು ಯಾರು ಅಂತ ಆಮೇಲೆ ಯಾರೂ ಕೇಳಲ್ಲ."

ನಾಲ್ಕು ತಿಂಗಳ ಮುಂದಿನ ತಾರೀಖು ಬಿತ್ತು.

ಹೊರಗೆ, ಜನ ಓಡಾಡುವ ಕಾರಿಡಾರಿನ ಕಲ್ಲುಬೆಂಚಿನ ಮೇಲೆ ತಂಗಿ ಕೂತುಬಿಟ್ಟಳು. ನಿನಗೆ ಹಠ ದೊಡ್ಡದು ಅಂದಳು. ಅಕ್ಕನಿಗೂ ತಡೆಯಲಾಗಲಿಲ್ಲ. ಯಾರಿಗೋಸ್ಕರ ಹಠ, ನಿನ್ನ ಕೈಗೋಸ್ಕರ ಅಲ್ವಾ ಅಂದಳು.

"ಆ ಬಂದೂಕಿನ ಕಾಗದಕ್ಕೆ ನಾನೇ ಸಹಿ ಹಾಕಿದ್ದು, ಅಕ್ಕಾ."

ಇನ್‌ಸ್ಪೆಕ್ಟರ್ ತಾನೇ ಮನೆಗೆ ಬಂದಿದ್ದನಂತೆ, ಜೀಪಿನಲ್ಲಿ ಬಂದೂಕು ಇಟ್ಟುಕೊಂಡು. ಬಂದೂಕು ಸುರಕ್ಷಿತವಾಗಿ ಮನೆಗೆ ಬಂದಿದೆ, ನನ್ನ ಆಕ್ಷೇಪಣೆ ಇಲ್ಲ ಅಂತ ನೀನು ಬರೆದುಕೊಟ್ಟರೆ ನಿನ್ನ ಗಂಡ ಕಳ್ಳತನದ ದೂರು ವಾಪಸ್ ತಗೋತಾನೆ, ನಿಮ್ಮಕ್ಕ ಸೋಮವಾರ ಹೊರಗೆ ಬರ್ತಾಳೆ ಅಂದನಂತೆ. ಗನ್‌ಮ್ಯಾನ್ ಪಕ್ಕದಲ್ಲೇ ನಿಂತು ತಲೆಯಾಡಿಸಿದನಂತೆ.

"ನೀನು ಬರ್ತೀಯ ಅಂತ ಹಾಕ್ದೆ. ಸೋಮವಾರ ಪೂರ್ತಿ ಬಾಗಿಲು ನೋಡ್ತಿದ್ದೆ. ಇದು ಹೊರಗೆ ಬಂದ್ರೆ ನೀನು ನನ್ನ ಮುಖ ನೋಡಲ್ಲ ಅಂತ ಭಯ ಆಯ್ತು, ಅದಕ್ಕೇ ಒಪ್ಕೋ ಅಂತಿದ್ದೆ."

ತಾನು ಬಂದೂಕು ಒಯ್ಯದೇ ಇದ್ದಿದ್ದರೆ ಈ ಸಹಿ ಇರುತ್ತಿರಲಿಲ್ಲ. ಒಯ್ಯದಿದ್ದರೆ ಏನಾಗುತ್ತಿತ್ತು ಅನ್ನುವುದೂ ಗೊತ್ತಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಉಳಿಸಲು ಹೋಗಿದ್ದರು. ಅವಳು ತಂಗಿಯ ಪಕ್ಕ ಕೂತು, ಮಡಚಿ ಪಿನ್ನು ಹಾಕಿದ್ದ ಆ ಖಾಲಿ ತೋಳನ್ನು ತನ್ನ ಅಂಗೈಯೊಳಗೆ ಹಿಡಿದುಕೊಂಡಳು. ಮುಖ ನೋಡಲ್ಲ ಅಂತ ಹೇಗಂದುಕೊಂಡೆ, ಬೆಳೆಸಿದವಳು ನಾನು ಅಂದಳು. ಆಮೇಲೆ ವಕೀಲಮ್ಮನನ್ನು ಹುಡುಕಿಕೊಂಡು ಹೋದಳು.

ನಾಲ್ಕು ತಿಂಗಳ ನಂತರ ತಂಗಿ ಸಾಕ್ಷಿ ಕಟ್ಟೆ ಹತ್ತಿದಳು. ಸರ್ಕಾರಿ ವಕೀಲ ಅವಳನ್ನು ಒಂದು ಗಂಟೆ ತಿರುಗಿಸಿ ತಿರುಗಿಸಿ ಕೇಳಿದ. ಸಹಿ ಹಾಕಿದವಳು ನೀನೇ ಅಂದ ಮೇಲೆ ತಪ್ಪು ನಿನ್ನದೇ ಅಲ್ಲವಾ ಅಂದ. ನನ್ನದೂ ಹೌದು, ಸಹಿ ಹಾಕಿದ ಕೈ ಹೋಯ್ತಲ್ಲ ಅಂದಳು ತಂಗಿ. ಕೋರ್ಟಿನ ವಶದಲ್ಲಿರಬೇಕಾದ ಬಂದೂಕನ್ನು ಕೋರ್ಟಿನ ಆದೇಶವಿಲ್ಲದೆ ಕೊಟ್ಟವರು ಯಾರು ಅಂತ ಜಡ್ಜ್ ಕೇಳಿದರು. ಅವಳು ಇನ್‌ಸ್ಪೆಕ್ಟರನ ಹೆಸರು ಹೇಳಿದಳು. ಜಡ್ಜ್ ಇನ್ನೊಂದು ಸಲ ಹೇಳಿಸಿ ಟೈಪಿಸ್ಟನಿಗೆ ಬರೆಸಿದರು. ಬಂದೂಕು ವಾಪಸ್ ಕೊಟ್ಟವನೆಂದು ಆ ಹೆಸರು ಒಂದು ವರ್ಷದಲ್ಲಿ ಕಾಗದದ ಮೇಲೆ ಬಂದದ್ದು ಅದೇ ಮೊದಲು.

ಆ ವರ್ಷದ ಕೊನೆಗೆ ಅಕ್ಕ ಮೂರೂ ಆರೋಪಗಳಿಂದ ಬಿಡುಗಡೆಯಾದಳು. ಗನ್‌ಮ್ಯಾನ್‌ಗೆ ಏಳು ವರ್ಷ ಶಿಕ್ಷೆಯಾಯಿತು. ಇನ್‌ಸ್ಪೆಕ್ಟರ್ ಮೇಲೆ ಕ್ರಮ ಜರುಗಿಸಬೇಕೆಂದು ಜಡ್ಜ್ ಬರೆದರು. ಅವನು ಮೂರು ವಾರದಲ್ಲಿ ಮೇಲಿನ ಕೋರ್ಟಿನಿಂದ ತಡೆಯಾಜ್ಞೆ ತಂದ. ಲೈಸೆನ್ಸ್ ಶಾಖೆಯವರನ್ನು ಯಾರೂ ಏನೂ ಕೇಳಲಿಲ್ಲ.

ತಡೆಯಾಜ್ಞೆಯ ಸುದ್ದಿ ವಕೀಲಮ್ಮನ ಫೋನಿನಲ್ಲಿ ಬಂದಾಗ ತಂಗಿ ಎಡಗೈಯಲ್ಲಿ ಮಗಳ ಶಾಲೆಯ ಡೈರಿಗೆ ಸಹಿ ಹಾಕುತ್ತಿದ್ದಳು. ಅದು ತೆರವಾಗೋಕೆ ಎಷ್ಟು ದಿನ ಹಿಡಿಯುತ್ತಂತೆ ಅಂತ ಕೇಳಿದಳು. ವರ್ಷಗಳೇ ಹಿಡೀಬಹುದಂತೆ ಅಂದಳು ಅಕ್ಕ. ತಂಗಿ ಸಹಿಯನ್ನು ಪೂರ್ತಿ ಮಾಡಿ, ಡೈರಿಯನ್ನು ಮಗುವಿನ ಚೀಲಕ್ಕೆ ಹಾಕಿ, ಆ ಕೋರ್ಟು ಇರೋ ಊರಿಗೆ ಬಸ್ಸು ಎಷ್ಟು ಗಂಟೆಗೆ ಹೊರಡುತ್ತೆ ಅಂತ ಕೇಳಿದಳು.