ಒಂದೇ ನಮೂನೆ

ಸ್ಕೇಲಕ್ಕನ ಜೊತೆ ರಸ್ತೆಯಲ್ಲಿ ನಡೆಯುವುದೆಂದರೆ ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಹತ್ತು ಹೆಜ್ಜೆ ದಾಪುಗಾಲು ಹಾಕಿದವಳು ಹನ್ನೊಂದನೆಯದಕ್ಕೆ ಗಕ್ಕನೆ ನಿಂತು, ಎಡಗಣ್ಣು ಮುಚ್ಚಿ, ಯಾವುದೋ ಅಂಗಡಿಯ ಫಲಕವನ್ನು ದಿಟ್ಟಿಸುತ್ತಾಳೆ. ಎರಡು ಅಕ್ಷರಗಳ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚಾಗಿದ್ದರೂ ಅವಳಿಗೆ ಅದು ಕಾಲಿಗೆ ಚುಚ್ಚಿದ ಮುಳ್ಳು. ಹಿಂದೆ ಬರುತ್ತಿದ್ದ ನಾನು ಅವಳ ಬೆನ್ನಿಗೆ ಡಿಕ್ಕಿ ಹೊಡೆದು ಎಷ್ಟೋ ಸಲ ಬೈಸಿಕೊಂಡಿದ್ದೇನೆ. ಕೈಚೀಲದಲ್ಲಿ ಸದಾ ಉಕ್ಕಿನ ಸ್ಕೇಲೊಂದು ಇರುತ್ತಿದ್ದುದರಿಂದ ಆಫೀಸಿನಲ್ಲಿ ನಾವಿಟ್ಟ ಹೆಸರು ಅದು. ಅವಳಿಗಿಂತ ಹಿರಿಯರೂ ಹಾಗೆಯೇ ಕರೆಯುತ್ತಿದ್ದರು.

ನಾವಿಬ್ಬರೂ ದುಡಿಯುತ್ತಿದ್ದ ದೊಡ್ಡ ಜಾಹೀರಾತು ಕಂಪನಿಯ ವಿನ್ಯಾಸ ವಿಭಾಗದಲ್ಲಿ ಅವಳು ಹದಿನಾಲ್ಕು ವರ್ಷ ರೇಖೆ, ಬಣ್ಣ, ಅಕ್ಷರಗಳೊಡನೆ ಏಗಿದಳು. ಪಕ್ಕದ ಮೇಜಿನಲ್ಲಿ ನಾನು ಜಾಹೀರಾತಿನ ಮಾತು ಹೊಸೆದೆ. ಅಲ್ಲೊಂದು ಅಲಿಖಿತ ಸಂಪ್ರದಾಯವಿತ್ತು: ಗಿರಾಕಿಯ ಮುಂದೆ ಮೂರು ನಮೂನೆಗಳನ್ನು ಇಡಲೇಬೇಕು. ಒಂದು ನಿಜವಾದದ್ದು, ಒಂದು ಅದರ ನೆರಳು, ಇನ್ನೊಂದು ಬೇಕೆಂದೇ ಕೆಡಿಸಿದ್ದು. ಮೂರನೆಯದನ್ನು ತಿರಸ್ಕರಿಸುವ ಸುಖ ಸಿಕ್ಕರೆ ಗಿರಾಕಿ ಮೊದಲನೆಯದನ್ನು ಒಪ್ಪುತ್ತಾನೆ ಎಂಬುದು ನಮ್ಮ ಮೇಲಿನವರ ಮಹಾಸಿದ್ಧಾಂತ. ಗ್ರಹಚಾರಕ್ಕೆ, ಹತ್ತರಲ್ಲಿ ಆರು ಸಲ ಕೆಡಿಸಿದ್ದೇ ಮೆಚ್ಚುಗೆಯಾಗುತ್ತಿತ್ತು. ಅವಳು ಕೈಯಾರೆ ಕೆಡಿಸಿದ್ದು ಊರಿನ ಗೋಡೆಗೋಡೆಯಲ್ಲೂ ರಾರಾಜಿಸತೊಡಗಿದಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರುವುದನ್ನೇ ಬಿಟ್ಟಳು.

ಒಂದು ಸೋಮವಾರ ರಾಜೀನಾಮೆ ಕೊಟ್ಟು ಬಂದು, "ಇನ್ಮೇಲೆ ಒಂದೇ ತೋರಿಸ್ತೀನಿ ಕಣೋ. ಬೇಕಾದ್ರೆ ತಗೊಳ್ಲಿ, ಬೇಡ ಅಂದ್ರೆ ಬಿಡ್ಲಿ" ಎಂದಳು.

"ತಲೆ ಕೆಟ್ಟಿದೆಯೇನಕ್ಕಾ ನಿನಗೆ?" ಎಂದೆ. ಕೆಟ್ಟಿದೆ ಎಂದೇ ನಂಬಿದ್ದೆ. ಜೊತೆಗೆ ಒಂದಿಷ್ಟು ಹೊಟ್ಟೆಕಿಚ್ಚೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಸೈಕಲ್ ರಿಪೇರಿ ಅಂಗಡಿಯ ಮೇಲೆ, ಹಿಂದೆ ದರ್ಜಿಯೊಬ್ಬ ಇದ್ದ ಕೋಣೆಯಲ್ಲಿ ಅವಳ ಸ್ಟುಡಿಯೋ ಶುರುವಾಯಿತು. ದರ್ಜಿಯ ನಿಲುಗನ್ನಡಿ ಗೋಡೆಯಲ್ಲೇ ಉಳಿದಿತ್ತು. ಮಾಡಿದ್ದನ್ನೆಲ್ಲ ಅದರಲ್ಲಿ ತಿರುಗುಮುರುಗಾಗಿ ನೋಡಿ ಎಡಬಲದ ತೂಕ ಸರಿಯಿದೆಯೇ ಎಂದು ಪರೀಕ್ಷಿಸುವಳು. ಆಫೀಸಿನ ಏಸಿಯ ಚಳಿಗೆಂದು ತೊಡುತ್ತಿದ್ದ ಸಾಸಿವೆ ಬಣ್ಣದ ಸ್ವೆಟರನ್ನು, ಫ್ಯಾನೂ ನೆಟ್ಟಗೆ ತಿರುಗದ ಆ ಕೋಣೆಯಲ್ಲಿ ಬೆವರುತ್ತಲೇ ತೊಟ್ಟು ಕೂರುವಳು. ಕೇಳಿದರೆ, "ಇದಿಲ್ದಿದ್ರೆ ಕೈ ಓಡಲ್ಲ" ಎನ್ನುವಳು. ಗಣಿತದ ಮೇಷ್ಟ್ರಾದ ಅವಳ ಗಂಡ ಲೆಕ್ಕದ ಮನುಷ್ಯ: "ಒಂದು ವರ್ಷ ನೋಡು. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೊಳ್ದೆ ವಾಪಸ್ ಹೋಗು" ಎಂದಿದ್ದರು. ಅವಳೂ ಮಾತು ಕೊಟ್ಟಿದ್ದಳು. ಬಂದವರೆಲ್ಲ "ಇನ್ನೆರಡು ಎಲ್ಲಿ?" ಎಂದು ಕೇಳಿ ಮೆಟ್ಟಿಲಿಳಿದರು. ಹೀಗೆ ಹನ್ನೊಂದು ತಿಂಗಳು ಕಳೆಯಿತು. ಕಂಪನಿಯಲ್ಲಿ ಅವಳ ಕುರ್ಚಿ ಇನ್ನೂ ಖಾಲಿ ಇದೆಯೆಂಬ ಸುದ್ದಿಯನ್ನು ಮುಟ್ಟಿಸಿದವನು ನಾನೇ.

ಆಗ ಬಂದವರು ಒಬ್ಬ ಔಷಧಿ ತಯಾರಕರು. ಹನ್ನೆರಡು ಔಷಧಿಗಳ ಸೀಸೆಗಳಿಗೆ ಹೊಸ ಲೇಬಲ್ಲು ಬೇಕಿತ್ತು; ಮೊದಲು ಒಂದಕ್ಕೆ ಮಾಡಿ ತೋರಿಸಿ ಎಂದರು. ಇದು ಕೈತಪ್ಪಿದರೆ ಸ್ಟುಡಿಯೋಗೆ ಬೀಗ. ಹೆದರಿಕೆ ಎಂಥವರನ್ನೂ ಬಿಡುವುದಿಲ್ಲ ನೋಡಿ, ನಮ್ಮ ಸ್ಕೇಲಕ್ಕ ಸದ್ದಿಲ್ಲದೆ ಮೂರು ನಮೂನೆ ಮಾಡಿದಳು. ಅವರ ಅಂಗಡಿಗೆ ನಾನೂ ಜೊತೆಗೆ ಹೋಗಿದ್ದೆ. ಹೊನ್ನಿನ ಬಳ್ಳಿ ಸುತ್ತಿದ, ಎಷ್ಟು ಚಮಚ ಕುಡಿಯಬೇಕೆಂಬುದು ಇರುವೆಸಾಲಿನಂತೆ ಕಾಣುವ ಮೂರನೆಯದನ್ನೇ ಅವರು ಎತ್ತಿಕೊಂಡು, "ಇದು ಚೆನ್ನಾಗಿದೆ, ಲಕ್ಷಣವಾಗಿದೆ" ಎಂದರು.

ಹೊರಗೆ ಬಂದು ನಾನು ಕೈಕುಲುಕಿದೆ. ಬಸ್ ನಿಲ್ದಾಣದವರೆಗೆ ಒಂದು ಫಲಕವನ್ನೂ ನೋಡದೆ ನಡೆದವಳು, ಬಸ್ಸು ಬಂದು ನಿಂತಾಗ ಹತ್ತದೆ ಹಿಂದಕ್ಕೆ ತಿರುಗಿದಳು.

"ಸರ್, ನೀವು ಒಪ್ಕೊಂಡಿದ್ದು ನಾನು ಬೇಕಂತ್ಲೇ ಕೆಡಿಸಿದ್ದು. ಅದನ್ನ ಕೊಡಕ್ಕಾಗಲ್ಲ" ಎಂದಳು ಅಂಗಡಿಯಲ್ಲಿ.

ಅವರ ಮುಖ ಗಂಟಿಕ್ಕಿತು. "ಅಂದ್ರೆ ನನ್ನನ್ನ ಪರೀಕ್ಷೆ ಮಾಡಿದ್ರಾ?"

"ಇಲ್ಲ ಸರ್. ನೀವು ಹೊರಟುಹೋಗ್ತೀರೇನೋ ಅಂತ ಹೆದರಿ ಮಾಡಿದೆ. ನಾನು ನಿಜವಾಗಿ ಮಾಡಿದ್ದು ಇದೊಂದೇ."

ದಪ್ಪ ಕಪ್ಪಕ್ಷರದ ಮೊದಲ ನಮೂನೆಯನ್ನು ಮೇಜಿನ ಮೇಲಿಟ್ಟು, ಉಳಿದೆರಡನ್ನು ಹರಿದು ಚೀಲಕ್ಕೆ ತುಂಬಿಕೊಂಡು ಬಂದಳು. ನನಗೆ ಅಳು ಬಂದಂತಾಯಿತು. ಅವಳಿಗೋ, ಅಂದು ಎರಡು ಊಟದಷ್ಟು ಹಸಿವು.

ಎಂಟು ದಿನ ಸುದ್ದಿಯಿಲ್ಲ. ಒಂಬತ್ತನೆಯ ದಿನ ಔಷಧಿಯವರು ಸೀಸೆಗಳ ಚೀಲ ಹೊತ್ತು, ಏದುಸಿರು ಬಿಡುತ್ತ ಸ್ವತಃ ಮೆಟ್ಟಿಲು ಹತ್ತಿ ಬಂದರು. ಆ ಲೇಬಲ್ಲನ್ನು ಒಂದು ಸೀಸೆಗೆ ಅಂಟಿಸಿ, ಕನ್ನಡಕ ಮರೆತು ಬಂದಿದ್ದ ಮುದುಕಿಯೊಬ್ಬರ ಕೈಗೆ ಕೊಟ್ಟಿದ್ದರಂತೆ. "ಪಟಪಟ ಅಂತ ಓದಿಬಿಟ್ರು ಮೇಡಂ. ಮಿಕ್ಕ ಹನ್ನೊಂದನ್ನೂ ಮಾಡ್ಕೊಡಿ. ಒಂದಕ್ಕೆ ಒಂದೇ ಸಾಕು" ಎಂದರು.

ಸ್ವತಂತ್ರವಾಗಿ ದುಡಿಯಹೊರಟವರನ್ನು ನಿರ್ಭೀತರೆಂದು ನಾವು ಕೊಂಡಾಡುತ್ತೇವೆ. ಹತ್ತಿರದಿಂದ ಕಂಡವನಾಗಿ ಹೇಳುತ್ತೇನೆ, ಅವರು ನಮ್ಮಷ್ಟೇ ಹೆದರುತ್ತಾರೆ, ನಮ್ಮಂತೆಯೇ ಹೆದರಿ ತಪ್ಪನ್ನೂ ಮಾಡುತ್ತಾರೆ. ಆಮೇಲೆ ಆ ತಪ್ಪಿನೊಡನೆ ಮನೆಗೆ ಹೋಗಲು ಮಾತ್ರ ಅವರಿಂದ ಆಗುವುದಿಲ್ಲ. ಇಂಥವರಿಂದ ಲೋಕವೇನೂ ಬದಲಾಗಿಬಿಡದು. ಆದರೆ ಯಾವುದೋ ಮನೆಯಲ್ಲಿ ಯಾರೋ ಒಬ್ಬ ಮುದುಕಿ ಯಾರನ್ನೂ ಕರೆಯದೆ ತನ್ನ ಔಷಧಿಯನ್ನು ತಾನೇ ಓದಿಕೊಂಡು, ಸರಿಯಾಗಿ ಎರಡೇ ಚಮಚ ಕುಡಿದು ಮಲಗುತ್ತಾಳೆ.