ಮೇಲಿನ ಪಾಲು

ಬಾಗಿಲು ಬಡಿದ ಸದ್ದಾಯಿತು. ಬೆಳಕು ಹರಿಯಲು ಇನ್ನೂ ಹೊತ್ತಿತ್ತು. ಶಿವಲಿಂಗವ್ವ ಅಗಳಿ ತೆಗೆದಳು. ಹೊಸ್ತಿಲಾಚೆ ನೆರೆಮನೆಯ ಜುಲೇಖಾ ಹೂವಿನ ಪುಟ್ಟಿ ಹಿಡಿದು ನಿಂತಿದ್ದಳು.

"ಅಣ್ಣನ ಮುಖ ಒಮ್ಮೆ ನೋಡ್ತೇನಿ, ಅಕ್ಕಾ."

"ಬದುಕಿದ್ದಾಗ ಅವಗ ಬರೂ ಮನಿ ತಪ್ಪಿಸಿದಿ. ಈಗೇನ್ ನೋಡ್ತಿ?"

ಬಾಗಿಲು ಮುಚ್ಚಿತು. ಒಳಗೆ ಅವಳ ಗಂಡ ಅಂದಪ್ಪನ ಶವವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ. ಇಳಕಲ್ಲಿನ ಈ ಕೋಣೆಯಲ್ಲೇ, ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟು ಜೀವಮಾನವಿಡೀ ಸಾವುಕಾರನ ಸೀರೆ ನೇಯ್ದವನು, ಸೋರುವ ಮಾಳಿಗೆಯ ಕೆಳಗೆ ಕೆಮ್ಮಿ ಕೆಮ್ಮಿ ಸತ್ತಿದ್ದ.

*

ಎಪ್ಪತ್ಮೂರರ ಬೇಸಿಗೆಯಲ್ಲಿ ಸರ್ಕಾರದ ಕಡೆಯಿಂದ ಆದಾಯ ಅಳೆಯುವವನು ಓಣಿಗೆ ಬಂದಿದ್ದ. ಮನೆಗಳನ್ನು ಗಳಿಕೆಯಂತೆ ಐದು ಪಾಲು ಮಾಡಿ, ಇಳಕಲ್ಲನ್ನು ಬಾಗಲಕೋಟೆಯೊಂದಿಗೆ, ಕಡೆಗೆ ದೇಶವನ್ನೇ ಬೇರೆ ದೇಶಗಳೊಂದಿಗೆ ಹೋಲಿಸುತ್ತಾರಂತೆ. ಅಂದೇ ಮಗಳು ಗುರುಲಿಂಗವ್ವಳನ್ನು ನೋಡಲು ಬಾದಾಮಿಯವರು ಬಂದಿದ್ದರು. ಚಹಕ್ಕೆ ಸಕ್ಕರೆ ತರಲು ಹೋದ ಶಿವಲಿಂಗವ್ವ ಮರಳುವಾಗ, ಅಳೆಯುವವನು ಜುಲೇಖಾಳ ಕಟ್ಟೆಯ ಮೇಲೆ ಕುಳಿತು ಬರೆದುಕೊಳ್ಳುತ್ತಿದ್ದ.

ಮರುವರ್ಷ ಕೆಳಗಿನ ಪಾಲಿನವರಿಗೆ ಸರ್ಕಾರಿ ಮನೆಗಳು ಬಂದವು. ಪಟ್ಟಿಯಲ್ಲಿ ಅಂದಪ್ಪನದು ಮೇಲಿನ ಪಾಲು: ನಾಲ್ಕು ಮಗ್ಗದ ಒಡೆಯ. ಇದ್ದದ್ದು ಒಂದು, ಅದೂ ಸಾವುಕಾರನದು.

"ಯಾವ ಬಾಯಿ ಹೇಳಿತಿದನ್ನ?" ಎಂದು ಶಿವಲಿಂಗವ್ವ ಕೇಳಿದಾಗ ಅಂದಪ್ಪ ತಲೆ ಎತ್ತದೆ ಲಾಳಿ ಎಸೆಯುತ್ತಿದ್ದ. ಜುಲೇಖಾ ಮಾತ್ರ, "ನಾ ಅಲ್ಲ, ಅಕ್ಕಾ" ಎಂದಳು. ಎರಡು ಮನೆಗಳ ನಡುವಿನ ಮಾತು ಅಲ್ಲಿಗೆ ನಿಂತಿತು.

*

ಮಧ್ಯಾಹ್ನ ಅಂದಪ್ಪನನ್ನು ಕುಣಿಯಲ್ಲಿ ಕೂರಿಸಿದರು. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದರು. ಜುಲೇಖಾ ಹಿಡಿ ತುಂಬಿಕೊಂಡು ಮುಂದೆ ಬಂದಾಗ ಶಿವಲಿಂಗವ್ವ ಅವಳ ಮಣಿಕಟ್ಟು ಹಿಡಿದಳು.

"ಈಕಿ ಮಣ್ಣು ಬ್ಯಾಡ. ನಾಲ್ಕು ಮಗ್ಗ ಅಂತ ಬರೆಸಿದಾಕಿ."

ಬಾದಾಮಿಯಿಂದ ಬಂದಿದ್ದ ಮಗಳ ಮಾವ ರಾಚಪ್ಪ ಬೆರಗಾದರು. "ಈಕಿ ಯಾಕ ಬರೆಸ್ಯಾಳ್ರಿ, ಬೀಗತಿ? ಆ ಬರಕೊಳ್ಳೂ ಮನಷ್ಯಾ ನಿಮ್ಮ ಬಾಗಿಲಾಗ ನಿಂತು ಕೇಳುವಾಗ ನಾವು ಒಳಗ ಕುಂತಿದ್ವಿ. ಒಂದು ಮಗ್ಗ ಇಲ್ಲಿ, ಮೂರು ಹೊರಗ ಅಂತ ಕಿವಿಯಾರೆ ಕೇಳೇ ಹೆಣ್ಣು ಒಪ್ಪಿದ್ವಿ. ಲಗ್ನ ಆದಮ್ಯಾಲೆ ಖರೆ ಗೊತ್ತಾತು. ಹೋಗ್ಲಿ ಅಂತ ಸುಮ್ಮನಾದ್ವಿ."

"ಹೇಳಿದವರು ಯಾರ್ರಿ?"

"ಬ್ಯಾಡ್ರಿ ಅಣ್ಣಾರ," ಎಂದಳು ಜುಲೇಖಾ. ಬಿಗಿಹಿಡಿದ ಅವಳ ಮುಷ್ಟಿಯಿಂದ ಮಣ್ಣು ಸೋರುತ್ತಿತ್ತು.

ರಾಚಪ್ಪ ಕುಣಿಯೊಳಗೆ ನೋಡಿದರು. ಮಣ್ಣು ಎದೆಮಟ ಬಂದಿತ್ತು. ವಿಭೂತಿ ಹಚ್ಚಿದ ಮುಖ ಇನ್ನೂ ಕಾಣುತ್ತಿತ್ತು.

"ಅಂದಪ್ಪನವರು."