ಕಾವಲಿನ ಖರ್ಚು

ಪೆರ್ನಿಕ್‌ನ ಗಣಿ ಕೇರಿಯ ನಮ್ಮ ಕಟ್ಟಡದಲ್ಲಿ ಕಳೆದ ಚಳಿಗಾಲವೆಲ್ಲ ದೋನ್ಕಕ್ಕ ಕೋಟು ಹಾಕಿಕೊಂಡೇ ಮಲಗಿದಳು. ಗಂಡ ಸತ್ತ ಮೇಲೆ ಆಕೆ ಒಬ್ಬಳೇ. ಊರಾಚೆಯ ಕಲ್ಲಿದ್ದಲು ಸ್ಥಾವರದಿಂದ ಎಲ್ಲ ಮನೆಗೂ ಕೋಣೆ ಬೆಚ್ಚಗಿಡುವ ಬಿಸಿನೀರಿನ ಕೊಳವೆ ಬರುತ್ತದೆ. ಬಿಸಿ ಮಾತ್ರ ದಾರಿಯಲ್ಲೇ ಎಲ್ಲೋ ಇಳಿದುಹೋಗುತ್ತದೆ. ನಾವೆಲ್ಲ ಸುಮ್ಮನೆ ನಡುಗಿದೆವು. ಆಕೆ ಮಂಡಳಿಗೆ ದೂರು ಕೊಟ್ಟಳು.

ಮಂಡಳಿ ಇರುವುದು ಈ ಬಿಸಿ ಮಾರುವ ಕಂಪನಿಯ ಮೇಲೆ ಕಣ್ಣಿಡಲು. ಅದರ ಖರ್ಚನ್ನು ಕಂಪನಿ ಕೊಡುತ್ತದೆ. ಕಂಪನಿ ಅದನ್ನು ನಮ್ಮ ಬಿಲ್ಲಿಗೆ ಸೇರಿಸುತ್ತದೆ. ತೋಳ ಬರದಂತೆ ಕಾಯುವ ನಾಯಿಗೆ ಕುರಿಗಳೇ ಊಟ ಹಾಕುವ ಏರ್ಪಾಟು.

ವಸಂತದಲ್ಲಿ ಹೊರಬಾಗಿಲ ಮೇಲೆ, ಸತ್ತವರ ನೆನಪಿಗೆ ಮನೆಯವರು ಅಂಟಿಸುವ ಫೋಟೋ ಚೀಟಿಗಳ ಪಕ್ಕ, ಕಂಪನಿಯ ನೋಟೀಸು ಅಂಟಿತು: ಈ ಕಟ್ಟಡದಿಂದ ದೂರು ಹೋಗಿದೆ, ತನಿಖೆಯ ಖರ್ಚನ್ನು ಇಲ್ಲಿಯ ಎಲ್ಲ ಮನೆಗಳಿಗೂ ಸಮನಾಗಿ ಹಂಚಲಾಗುವುದು. ಯಾರ ದೂರು ಎಂದು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ಅಂದಿನಿಂದ ಆಕೆ ಲಿಫ್ಟಿನ ಮುಂದೆ ನಿಂತರೆ ಮಿಕ್ಕವರಿಗೆ ಮೆಟ್ಟಿಲು ಹತ್ತುವ ಆರೋಗ್ಯ ಬಂತು.

ಸೆಪ್ಟೆಂಬರಿನಲ್ಲಿ ಹಿತ್ತಲಲ್ಲಿ ಕೆಂಪು ದಪ್ಪ ಮೆಣಸಿನಕಾಯಿ ಸುಡುತ್ತೇವೆ, ಇಡೀ ಕಟ್ಟಡ ಸೇರಿ, ಚಳಿಗಾಲದ ಚಟ್ನಿಗೆ. ದೋನ್ಕಕ್ಕನೂ ಚೀಲ ಹಿಡಿದು ಇಳಿದು ಬಂದಳು. ಬೆಂಚಿನ ಮೇಲೆ ಯಾರೂ ಸರಿಯಲಿಲ್ಲ. ಕಟ್ಟಡದ ಲೆಕ್ಕಪತ್ರ ನೋಡುವ ರಾಂಗೆಲ್ ಕೆಂಡ ಕೆದಕುತ್ತ ಅಂದ: "ದೂರು ವಾಪಸ್ ತಗೋ ಅಕ್ಕ. ನಿನ್ ಮೆಣಸಿನಕಾಯಿ ನಾನೇ ಸುಟ್ಟು ಸಿಪ್ಪೆ ತೆಗ್ದು ಕೊಡ್ತೀನಿ."

"ನಮ್ಮನೇಲಿ ಚಳಿ ಇದ್ರೆ ನನ್ ತಪ್ಪೇನೋ?"

"ನಮ್ಮನೇಲೂ ಚಳಿನೇ. ನಾವು ಬಿಟ್ಟಿ ನಡುಗ್ತೀವಿ. ನೀನು ನಮ್ ಕೈಲಿ ದುಡ್ಡು ಕೊಡ್ಸಿ ನಡುಗ್ಸ್ತಿದೀಯ."

ಎಲ್ಲರೂ ನಕ್ಕರು. ಆಕೆ ಚೀಲ ಎತ್ತಿಕೊಂಡು ಹತ್ತಿ ಹೋದಳು.

ಅದೇ ವಾರ ಮಂಡಳಿಯ ಇನ್‌ಸ್ಪೆಕ್ಟರ್ ಬಂದ. ಎಷ್ಟೋ ತಿಂಗಳ ಮೇಲೆ ಆಕೆಯ ಮನೆಯೊಳಗೆ ಕಾಲಿಟ್ಟ ಮೊದಲ ಮನುಷ್ಯ. ಆಕೆ ಒಳ್ಳೆಯ ಲೋಟ ತೆಗೆದು ಕಾಫಿ ಕೊಟ್ಟಳು. ಆತ ಕೊಳವೆ ಮುಟ್ಟಿ ನೋಡಿದ.

"ತಣ್ಣಗಿದೆ."

"ಚಳಿಗಾಲ ಬರೋವರ್ಗೂ ಬಿಸಿ ಬಿಡಲ್ಲ ಸ್ವಾಮಿ."

"ಹಾಗಾದ್ರೆ ದೋಷ ಏನಿಲ್ಲ. ಇಲ್ಲೊಂದು ಸೈನ್ ಹಾಕಿ, ದೂರು ಕೈಬಿಟ್ಟೆ ಅಂತ. ಅಕ್ಕಪಕ್ಕದೋರಿಗೂ ಒಳ್ಳೇದು."

ದೋನ್ಕಕ್ಕ ಪೆನ್ನು ತೆಗೆದುಕೊಂಡಳು. ಹಿತ್ತಲಿಂದ ನಗು, ಸುಟ್ಟ ಮೆಣಸಿನಕಾಯಿಯ ವಾಸನೆ ಕಿಟಕಿವರೆಗೆ ಬರುತ್ತಿತ್ತು. ಒಂದು ಸಹಿ ಹಾಕಿದರೆ ಬೆಂಚಿನ ಮೇಲೆ ಜಾಗ.

"ನಿಮಗೆ ಸಂಬಳ ಯಾರು ಕೊಡ್ತಾರೆ?"

"ಕೊನೇಗೆ ನೋಡಿದ್ರೆ… ನೀವೇ ಅಮ್ಮ."

"ಹಂಗಾದ್ರೆ ಯಜಮಾನಿ ಹೇಳ್ತಿದೀನಿ, ಚಳಿಗಾಲದಲ್ಲಿ ಬನ್ನಿ." ಪೆನ್ನು ವಾಪಸ್ ಕೊಟ್ಟಳು. ಎರಡನೇ ದೂರು ಬರೆದಳು.

ಹೊಸ ನೋಟೀಸು ಬಂತು. ಕ್ರಿಸ್‌ಮಸ್‌ಗೆ ಆಕೆಯ ಬಾಗಿಲನ್ನು ಯಾರೂ ತಟ್ಟಲಿಲ್ಲ.

ಜನವರಿಯಲ್ಲಿ ಆತ ಮತ್ತೆ ಬಂದ. ಆಕೆ ಅವನನ್ನು ತನ್ನ ಮನೆಗೆ ಕರೆಯಲಿಲ್ಲ. ನೇರ ಮೇಲಕ್ಕೆ, ರಾಂಗೆಲ್‌ನ ಬಾಗಿಲಿಗೆ ಕರೆದೊಯ್ದಳು. ಸದ್ದಿಗೆ ನಾವೆಲ್ಲ ಮೆಟ್ಟಿಲ ಮೇಲೆ ಸೇರಿದೆವು. ರಾಂಗೆಲ್ ಬಾಗಿಲು ತೆಗೆದ. ಮೈಮೇಲೆ ಕೋಟು, ತಲೆಗೆ ಉಣ್ಣೆ ಟೋಪಿ, ಕೈಗೆ ಹೆಂಡತಿಯ ಕೈಗವಸು.

"ಮನೇಲಿ ಚಳಿ ಆಗ್ತಿದ್ಯಾ?" ಇನ್‌ಸ್ಪೆಕ್ಟರ್ ಕೇಳಿದ.

ರಾಂಗೆಲ್ ನಮ್ಮ ಕಡೆ ನೋಡಿದ. ನಾವು ನೆಲ ನೋಡಿದೆವು.

"ಇಲ್ಲ," ಅಂದ. ಬಾಯಿಂದ ಬಿಳಿ ಹಬೆ ಬಂದು ಇನ್‌ಸ್ಪೆಕ್ಟರನ ಕನ್ನಡಕದ ಮೇಲೆ ಕೂತಿತು.

ದೋನ್ಕಕ್ಕ ಕಂಬಿ ಹಿಡಿದು ನಿಂತಿದ್ದಳು, ನಮ್ಮೆಲ್ಲರಿಂದ ಒಂದು ಮೆಟ್ಟಿಲು ದೂರ.

"ಬರ್ಕೊಳ್ಳಿ ಸ್ವಾಮಿ," ಅಂದಳು. "ಆ ಹಬೇನೂ ಬರ್ಕೊಳ್ಳಿ."